ಯುರೋಪಿಗೆಲ್ಲ ಒಂದೇ ಡಿಎಲ್ ಸಾಕಾ? ನಮ್ಮೂರ ಲೈಸೆನ್ಸ್ ಜೇಬಲ್ಲಿಟ್ಟುಕೊಂಡು ಬಂದವರಿಗೆ ಸಮಗ್ರ ಮಾರ್ಗದರ್ಶಿ

ನನ್ನ ಗೆಳೆಯನೊಬ್ಬ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಮೂರು ವರ್ಷ ಇದ್ದ. ಅಲ್ಲಿ ಒಂದೂ ಪರೀಕ್ಷೆ ಬರೆಯದೆ, ಹಾಸನದಲ್ಲಿ ಮಾಡಿಸಿದ್ದ ಡಿಎಲ್ ಒಪ್ಪಿಸಿ, ಡಚ್ ಲೈಸೆನ್ಸ್ ತೆಗೆದುಕೊಂಡ. ಗುಲಾಬಿ ಬಣ್ಣದ ಕಾರ್ಡು, ಮೂಲೆಯಲ್ಲಿ ನೀಲಿ ಬಾವುಟ, ಸುತ್ತ ನಕ್ಷತ್ರಗಳು. ಆಮೇಲೆ ಜರ್ಮನಿಯಲ್ಲಿ ಕೆಲಸ ಸಿಕ್ಕಿತು, ಕಾರನ್ನೂ ಓಡಿಸಿಕೊಂಡೇ ಬಂದ. ನಾಲ್ಕು ತಿಂಗಳಾದ ಮೇಲೆ ಬೇರೇನೋ ಕೆಲಸಕ್ಕೆ ಲೈಸೆನ್ಸ್ ಕಚೇರಿಗೆ ಹೋದಾಗ, ಕೌಂಟರ್‌ನಲ್ಲಿದ್ದ ಹೆಂಗಸು ಕಾರ್ಡಿನ ಮುಂಭಾಗ ನೋಡಲೇ ಇಲ್ಲ. ತಿರುಗಿಸಿ, ಹಿಂದಿನ ಪುಟ್ಟ ಕೋಷ್ಟಕದ ಕೊನೆಯ ಕಾಲಂ ಮೇಲೆ ಪೆನ್ನಿನ ತುದಿ ಇಟ್ಟು, ಇದು ಇಲ್ಲಿ ನಡೆಯುವುದಿಲ್ಲ ಎಂದಳು. ಅಂದರೆ ನಾಲ್ಕು ತಿಂಗಳು ಅವನು ಓಡಿಸಿದ್ದು ಲೈಸೆನ್ಸ್ ಇಲ್ಲದೆ. ಇಲ್ಲಿ, ಅಂದರೆ ಜರ್ಮನಿಯಲ್ಲಿ, ಅದು ಬರೀ ದಂಡ ಕಟ್ಟಿ ಮುಗಿಯುವ ತಪ್ಪಲ್ಲ, ಕ್ರಿಮಿನಲ್ ಅಪರಾಧ.

ಆ ಕಾಲಂನಲ್ಲಿ ಇದ್ದದ್ದು 70 ಅನ್ನುವ ಒಂದು ಅಂಕಿ. ಅದರ ಕತೆ ಮುಂದೆ ಹೇಳುತ್ತೇನೆ. ಈಗಲೇ ತಲೆಯಲ್ಲಿ ಇಟ್ಟುಕೊಳ್ಳಬೇಕಾದ ಮಾತು ಇಷ್ಟು: ಯುರೋಪಿನ ಲೈಸೆನ್ಸ್‌ಗಳ ಮುಖ ಎಲ್ಲ ಒಂದೇ ಥರ ಇರುತ್ತದೆ, ಜಾತಕ ಇರುವುದು ಬೆನ್ನಲ್ಲಿ.

ಮೊದಲು, ಏನು ಹಂಚಿಕೊಂಡಿದ್ದಾರೆ, ಏನು ಇಲ್ಲ

ಒಂದು ಕಾಲದಲ್ಲಿ ಯುರೋಪಿನಲ್ಲಿ 110ಕ್ಕೂ ಜಾಸ್ತಿ ನಮೂನೆಯ ಲೈಸೆನ್ಸ್‌ಗಳು ಚಲಾವಣೆಯಲ್ಲಿದ್ದವು. ಬಟ್ಟೆಯಂಥ ಬೂದು ಕಾಗದ, ಮೂರು ಮಡಿಕೆಯ ಗುಲಾಬಿ ಕಾಗದ, ಹೀಗೆ. ಗಡಿಯಲ್ಲಿ ನಿಂತ ಪೊಲೀಸ್‌ಗೆ ಯಾವುದು ಅಸಲಿ ಯಾವುದು ನಕಲಿ ಅಂತ ಹೇಗೆ ಗೊತ್ತಾಗಬೇಕು? ಅದಕ್ಕೇ 2006ರಲ್ಲಿ ಯುರೋಪಿಯನ್ ಒಕ್ಕೂಟದವರು ಒಂದು ನಿರ್ದೇಶನ, ಅಂದರೆ ಸದಸ್ಯ ದೇಶಗಳೆಲ್ಲ ತಮ್ಮ ಕಾನೂನಿಗೆ ಅಳವಡಿಸಿಕೊಳ್ಳಬೇಕಾದ ನಿಯಮ, ತಂದು, 2013ರ ಜನವರಿ 19ರಿಂದ ಎಲ್ಲ ಕಡೆ ಒಂದೇ ನಮೂನೆಯ ಪ್ಲಾಸ್ಟಿಕ್ ಕಾರ್ಡು ಕೊಡಲು ಶುರು ಮಾಡಿದರು. ಹಳೆಯವೆಲ್ಲ 2033ರ ಜನವರಿ 19ರೊಳಗೆ ಬದಲಾಗಬೇಕು. ಯುರೋಪಿಯನ್ ಒಕ್ಕೂಟದ 27 ದೇಶ, ಜೊತೆಗೆ ನಾರ್ವೆ, ಐಸ್‌ಲ್ಯಾಂಡ್, ಲಿಕ್ಟನ್‌ಸ್ಟೈನ್ ಸೇರಿ 30 ದೇಶಗಳು ಈ ಲೆಕ್ಕದಲ್ಲಿವೆ. ಸ್ವಿಟ್ಜರ್‌ಲ್ಯಾಂಡ್ ಇದರಲ್ಲಿಲ್ಲ, ಬ್ರಿಟನ್ ಈಗ ಇಲ್ಲ.

ಇವರು ಹಂಚಿಕೊಂಡಿರುವುದು ತಮ್ಮತಮ್ಮ ಲೈಸೆನ್ಸ್‌ಗಳನ್ನು ಮಾತ್ರ. ನಮ್ಮ ದೇಶದ ಡಿಎಲ್ ಹಿಡಿದು ಬಂದವನನ್ನು ಏನು ಮಾಡಬೇಕು ಅನ್ನುವುದನ್ನು ಪ್ರತಿ ದೇಶವೂ ತನಗೆ ಬೇಕಾದ ಹಾಗೆ ತೀರ್ಮಾನಿಸುತ್ತದೆ. ಗೊಂದಲ ಎಲ್ಲ ಶುರುವಾಗುವುದು ಇಲ್ಲಿಂದಲೇ. "ನಮ್ಮಣ್ಣ ಅಲ್ಲಿ ಸುಮ್ನೆ ಬದಲಾಯಿಸಿಕೊಂಡ, ನಿನಗ್ಯಾಕೆ ಆಗಲ್ಲ" ಅನ್ನುವ ಸಲಹೆ ವಾಟ್ಸಾಪಿನಲ್ಲಿ ಬಂದರೆ ಮೊದಲು ಕೇಳಬೇಕಾದ ಪ್ರಶ್ನೆ: ಅಲ್ಲಿ ಅಂದರೆ ಯಾವ ದೇಶ?

ಹಂತ 1: ವಿಮಾನ ಹತ್ತುವ ಮುಂಚೆ

ಇದನ್ನು ಊರಲ್ಲೇ ಮುಗಿಸಿಕೊಳ್ಳಿ. ಇಲ್ಲಿಗೆ ಬಂದ ಮೇಲೆ ಅಪ್ಪನನ್ನು ಆರ್‌ಟಿಒಗೆ ಓಡಿಸುವುದು ಯಾಕೆ?

ಹೆಸರು ನೋಡಿಕೊಳ್ಳಿ. ನಮ್ಮವರ ದೊಡ್ಡ ತಲೆನೋವು ಇನಿಷಿಯಲ್. ಡಿಎಲ್‌ನಲ್ಲಿ ಹೆಸರಿನ ಮುಂದೆ ಎಚ್. ಕೆ. ಅಂತ ಎರಡಕ್ಷರ, ಪಾಸ್‌ಪೋರ್ಟ್‌ನಲ್ಲಿ ಅದೇ ಊರಿನ ಹೆಸರು, ಅಪ್ಪನ ಹೆಸರಾಗಿ ಉದ್ದಕ್ಕೆ ಬಿಡಿಸಿಕೊಂಡಿರುತ್ತದೆ. ನಮಗೆ ಎರಡೂ ಒಂದೇ. ಇಲ್ಲಿನ ಗುಮಾಸ್ತನಿಗೆ ಇಬ್ಬರು ಬೇರೆ ಬೇರೆ ಮನುಷ್ಯರು. ಸಾಧ್ಯವಾದರೆ ಡಿಎಲ್‌ನಲ್ಲಿ ಪಾಸ್‌ಪೋರ್ಟಿನ ಹಾಗೆಯೇ ತಿದ್ದಿಸಿಕೊಳ್ಳಿ.

ಡಿಎಲ್ ಅವಧಿ ಎಷ್ಟಿದೆ ನೋಡಿ. ಅರ್ಜಿ ಹಾಕುವ ದಿನ ಅದು ಚಾಲ್ತಿಯಲ್ಲಿರಬೇಕು. ಪರಿವಾಹನ್ ವೆಬ್‌ಸೈಟ್‌ನಲ್ಲಿ ನಿಮ್ಮ ನಂಬರ್ ಹಾಕಿದರೆ ದಾಖಲೆ ಬರುತ್ತದಾ ಅಂತಲೂ ಒಮ್ಮೆ ಪರೀಕ್ಷಿಸಿ, ಹಳೆಯ ಪುಸ್ತಕದ ನಮೂನೆಯ ಡಿಎಲ್ ಇದ್ದವರು ಸ್ಮಾರ್ಟ್ ಕಾರ್ಡ್ ಮಾಡಿಸಿಕೊಳ್ಳಿ. ಕಾರು ಓಡಿಸುವ ಪರವಾನಗಿ ಮೊದಲು ಸಿಕ್ಕ ದಿನ ಯಾವುದು ಅನ್ನುವುದು ದಾಖಲೆಯಲ್ಲಿ ಕಾಣಬೇಕು. ಅದಿಲ್ಲದಿದ್ದರೆ ಆರ್‌ಟಿಒದಿಂದ ಡಿಎಲ್ ಎಕ್ಸ್‌ಟ್ರಾಕ್ಟ್ ತೆಗೆದುಕೊಂಡು ಬನ್ನಿ.

ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿ. ಶುಲ್ಕ 1000 ರೂಪಾಯಿ, ಅವಧಿ ಒಂದು ವರ್ಷ. ಆದರೆ ಇದು ಲೈಸೆನ್ಸ್ ಅಲ್ಲ, ನಿಮ್ಮ ಡಿಎಲ್‌ನ ಅನುವಾದ ಅಷ್ಟೆ. ಅಸಲಿ ಡಿಎಲ್ ಮನೆಯಲ್ಲಿಟ್ಟು ಇದೊಂದನ್ನೇ ತೋರಿಸಿದರೆ ಪ್ರಯೋಜನವಿಲ್ಲ. ಇನ್ನೊಂದು ಮಾತು, ಇದರ ಮೇಲೆ ಒಂದು ವರ್ಷ ಅಂತ ಬರೆದಿದೆ ಅಂದಮಾತ್ರಕ್ಕೆ ಒಂದು ವರ್ಷ ಓಡಿಸಬಹುದು ಅಂದುಕೊಳ್ಳಬೇಡಿ. ಎಷ್ಟು ದಿನ ಅನ್ನುವುದನ್ನು ನೀವು ನೆಲೆಸಿದ ದೇಶ ಹೇಳುತ್ತದೆ, ಪರ್ಮಿಟ್ ಅಲ್ಲ.

ಡಿಎಲ್ ಇನ್ನೂ ಮಾಡಿಸಿಲ್ಲವಾ? ಹಾಗಿದ್ದರೆ ಹೊರಡುವ ಮುಂಚೆಯೇ ಮಾಡಿಸಿ. ಜರ್ಮನಿಯಲ್ಲಿ ಮನೆ ಮಾಡಿದ ಮೇಲೆ, ರಜೆಗೆ ಊರಿಗೆ ಹೋದಾಗ ಡಿಎಲ್ ಮಾಡಿಸಿಕೊಂಡು ಬಂದರೆ ಅದನ್ನು ಇಲ್ಲಿ ಒಪ್ಪುವುದಿಲ್ಲ. ಲೈಸೆನ್ಸ್ ತೆಗೆದ ದಿನ ನೀವು ಎಲ್ಲಿ ವಾಸವಾಗಿದ್ದಿರಿ ಅನ್ನುವುದನ್ನು ನೋಡುತ್ತಾರೆ.

ಹಂತ 2: ದಿನ ಎಣಿಸಲು ಶುರು ಮಾಡಿ

ಜರ್ಮನಿಯಲ್ಲಿ ನಮ್ಮ ಡಿಎಲ್ ಮೇಲೆ ಓಡಿಸಲು ಸಿಗುವುದು ಆರು ತಿಂಗಳು. ನೀವು ಇಲ್ಲಿ ನೆಲೆಸಿದ ದಿನದಿಂದ ಲೆಕ್ಕ. ಹನ್ನೆರಡು ತಿಂಗಳೊಳಗೆ ವಾಪಸ್ ಹೋಗುತ್ತೇನೆ ಅಂತ ದಾಖಲೆ ತೋರಿಸಿದರೆ ಇನ್ನಷ್ಟು ವಿಸ್ತರಿಸುತ್ತಾರೆ. ಅದು ಬಿಟ್ಟರೆ ಆರು ತಿಂಗಳು ಅಂದರೆ ಆರೇ ತಿಂಗಳು. ಪರೀಕ್ಷೆಗೆ ಅರ್ಜಿ ಹಾಕಿದ್ದೇನೆ, ಇನ್ನೂ ದಿನ ಸಿಕ್ಕಿಲ್ಲ ಅಂದರೂ ಏಳನೇ ತಿಂಗಳು ಸ್ಟಿಯರಿಂಗ್ ಮುಟ್ಟುವ ಹಾಗಿಲ್ಲ. ಅಪಘಾತವಾದರೆ ವಿಮಾ ಕಂಪನಿ ಎದುರಿನವರಿಗೆ ದುಡ್ಡು ಕೊಟ್ಟು, ಆಮೇಲೆ ನಿಮ್ಮ ಹತ್ತಿರ ವಸೂಲಿಗೆ ಬರಬಹುದು.

ಆರು ತಿಂಗಳು ಕಳೆದ ಮೇಲೂ ಅರ್ಜಿ ಹಾಕಬಹುದು, ಅದೇನೂ ತಪ್ಪಿ ಹೋಗುವುದಿಲ್ಲ. ಓಡಿಸುವುದಷ್ಟೇ ನಿಲ್ಲಬೇಕು. ಎಷ್ಟೋ ಜನ ಇದು ಗೊತ್ತಿಲ್ಲದೆ, ಗಡುವು ಮುಗಿಯಿತು ಅಂತ ಹೊಸದಾಗಿ ಎಲ್ಲ ಕ್ಲಾಸಿಗೆ ದುಡ್ಡು ಕಟ್ಟಿದ್ದನ್ನು ನೋಡಿದ್ದೇನೆ.

ನೆದರ್‌ಲ್ಯಾಂಡ್ಸ್‌ನಲ್ಲಿ ಈ ಅವಧಿ 185 ದಿನ. ಸ್ವೀಡನ್‌ನಲ್ಲಿ ಒಂದು ವರ್ಷ. ಸ್ವಿಟ್ಜರ್‌ಲ್ಯಾಂಡ್‌ನಲ್ಲೂ ಹನ್ನೆರಡು ತಿಂಗಳು, ಅಷ್ಟರೊಳಗೆ ಬದಲಾಯಿಸಿಕೊಳ್ಳಬೇಕು.

ಹಂತ 3: ನಿಮ್ಮ ದೇಶದ ಬಾಗಿಲು ಯಾವುದು

ಜರ್ಮನಿಯ ಹತ್ತಿರ ಒಂದು ಪಟ್ಟಿ ಇದೆ. ಅದರಲ್ಲಿ ಹೆಸರಿರುವ ದೇಶಗಳ ಲೈಸೆನ್ಸ್ ಅನ್ನು ಪರೀಕ್ಷೆ ಇಲ್ಲದೆ ಅಥವಾ ಅರ್ಧ ಪರೀಕ್ಷೆಯಲ್ಲಿ ಬದಲಾಯಿಸಿ ಕೊಡುತ್ತಾರೆ. ಜಪಾನ್ ಇದೆ, ದಕ್ಷಿಣ ಕೊರಿಯಾ ಇದೆ. ಭಾರತ ಇಲ್ಲ. ಹಾಗಾಗಿ ನಮಗೆ ಥಿಯರಿ, ಪ್ರಾಕ್ಟಿಕಲ್ ಎರಡೂ ಕಡ್ಡಾಯ.

ನೆದರ್‌ಲ್ಯಾಂಡ್ಸ್ ಕತೆಯೇ ಬೇರೆ. ಪರಿಣತ ಉದ್ಯೋಗಿಗಳಿಗೆ ಅಲ್ಲಿ 30 ಪರ್ಸೆಂಟ್ ರೂಲಿಂಗ್ ಅಂತ ಒಂದು ತೆರಿಗೆ ವಿನಾಯಿತಿ ಇದೆ. ಅದು ಸಿಕ್ಕವರು, ಅವರ ಜೊತೆ ಇರುವ ಮನೆಯವರು, ಭಾರತದ ಡಿಎಲ್ ಅನ್ನು ಪರೀಕ್ಷೆಯಿಲ್ಲದೆ ಬದಲಾಯಿಸಿಕೊಳ್ಳಬಹುದು. ತೆರಿಗೆ ಕಚೇರಿಯ ಪತ್ರ, ಆರೋಗ್ಯದ ಘೋಷಣೆ, ಅಸಲಿ ಡಿಎಲ್ ಇಷ್ಟನ್ನು ಊರಿನ ಪುರಸಭೆಗೆ ಕೊಡಬೇಕು. ತೆರಿಗೆಗೂ ಗೇರ್ ಹಾಕುವುದಕ್ಕೂ ಏನು ಸಂಬಂಧ ಅಂತ ಕೇಳಬೇಡಿ, ನನಗೂ ನಗು ಬರುತ್ತದೆ. ಅಲ್ಲೇ ಬಹಳ ವರ್ಷ ಇರುವವರಿಗೆ ಇದು ಬಂಗಾರದಂಥ ಸೌಲಭ್ಯ. ಮುಂದೆ ಜರ್ಮನಿಗೆ ಹೋಗುವ ಯೋಚನೆ ಇದ್ದರೆ ಹಂತ 5 ಓದದೆ ಅರ್ಜಿ ಹಾಕಬೇಡಿ.

ಸ್ವಿಟ್ಜರ್‌ಲ್ಯಾಂಡ್‌ನಲ್ಲಿ ನಮ್ಮವರಿಗೆ ಒಂದು ಡ್ರೈವಿಂಗ್ ತಪಾಸಣೆ ಇಡುತ್ತಾರೆ. ಒಂದೇ ಅವಕಾಶ. ಅದರಲ್ಲಿ ಫೇಲ್ ಆದರೆ ಇನ್ನೊಮ್ಮೆ ಕೊಡುವ ಹಾಗಿಲ್ಲ, ನಿಮ್ಮ ಡಿಎಲ್ ಅಲ್ಲಿ ನಡೆಯುವುದೂ ಅವತ್ತಿಗೇ ನಿಲ್ಲುತ್ತದೆ, ಎಲ್‌ಎಲ್‌ಆರ್‌ನಿಂದ ಶುರು. ಊರಲ್ಲಿ ಹತ್ತು ವರ್ಷ ಓಡಿಸಿದ್ದೇನೆ ಅನ್ನುವ ಧೈರ್ಯದಲ್ಲಿ ಹೋಗಬೇಡಿ, ನಾಲ್ಕೈದು ಕ್ಲಾಸ್ ತೆಗೆದುಕೊಂಡು ಹೋಗಿ.

ಇನ್ನು, "ಪೋಲೆಂಡಿಗೆ ಹೋಗಿ ಅಗ್ಗಕ್ಕೆ ಲೈಸೆನ್ಸ್ ಮಾಡಿಸೋಣ, ಹೇಗೂ ಎಲ್ಲ ಕಡೆ ನಡೆಯುತ್ತಲ್ಲ" ಅನ್ನುವ ಬುದ್ಧಿವಂತಿಕೆ. ಇದನ್ನು ಜರ್ಮನ್ನರೇ ನಮಗಿಂತ ಮುಂಚೆ ಮಾಡಿ ಮುಗಿಸಿದ್ದಾರೆ. ಕುಡಿದು ಓಡಿಸಿ ಲೈಸೆನ್ಸ್ ಕಳೆದುಕೊಂಡವರು, ಮನಶ್ಶಾಸ್ತ್ರಜ್ಞರ ಮುಂದೆ ಕೂರುವ ಪರೀಕ್ಷೆ ತಪ್ಪಿಸಿಕೊಳ್ಳಲು ಚೆಕ್ ದೇಶಕ್ಕೆ ಹೋಗಿ ಹೊಸ ಕಾರ್ಡು ತರುತ್ತಿದ್ದರು. ಆ ಪರೀಕ್ಷೆಗೆ ಜನ ಇಟ್ಟ ಅಡ್ಡ ಹೆಸರು ಮೂರ್ಖರ ಪರೀಕ್ಷೆ. ಇದನ್ನು ತಡೆಯುವುದು 185 ದಿನದ ನಿಯಮ: ವರ್ಷಕ್ಕೆ ಕನಿಷ್ಠ 185 ದಿನ ಯಾವ ದೇಶದಲ್ಲಿ ವಾಸ ಇರುತ್ತೀರೋ ಆ ದೇಶವೇ ನಿಮಗೆ ಲೈಸೆನ್ಸ್ ಕೊಡಬೇಕು. ಒಬ್ಬರಿಗೆ ಒಂದೇ ಕಾರ್ಡು. ಎಲ್ಲ ದೇಶಗಳ ಲೈಸೆನ್ಸ್ ಕಚೇರಿಗಳೂ ಒಂದು ಜಾಲದಲ್ಲಿ ಪರಸ್ಪರ ವಿಚಾರಿಸಿಕೊಳ್ಳುತ್ತವೆ, ಸಿಕ್ಕಿಬೀಳುತ್ತೀರಿ.

ಹಂತ 4: ಜರ್ಮನಿಯ ಎರಡು ಪರೀಕ್ಷೆ

ಇಲ್ಲಿ ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ. ನಾನು ಸೋತು ಕಲಿತ ಜಾಗ ಇದು.

ಕಾಗದಪತ್ರ: ಡಿಎಲ್, ಅದರ ಜರ್ಮನ್ ಅನುವಾದ, ಪಾಸ್‌ಪೋರ್ಟ್, ವಿಳಾಸ ನೋಂದಣಿಯ ಚೀಟಿ, ಒಂದು ಬಯೋಮೆಟ್ರಿಕ್ ಫೋಟೋ, ಕಣ್ಣಿನ ಪರೀಕ್ಷೆಯ ವರದಿ, ಪ್ರಥಮ ಚಿಕಿತ್ಸೆ ಕೋರ್ಸಿನ ಸರ್ಟಿಫಿಕೇಟು. ಅನುವಾದವನ್ನು ಪ್ರಮಾಣೀಕೃತ ಅನುವಾದಕರಿಂದಲೋ ಎಡಿಎಸಿ (ADAC) ಎಂಬ ವಾಹನ ಸವಾರರ ಸಂಘದಿಂದಲೋ ಮಾಡಿಸಬಹುದು. ಕಣ್ಣಿನ ಪರೀಕ್ಷೆ ಕನ್ನಡಕದ ಅಂಗಡಿಯಲ್ಲೇ ಐದು ನಿಮಿಷದ ಕೆಲಸ. ಪ್ರಥಮ ಚಿಕಿತ್ಸೆ ಒಂದು ಇಡೀ ಶನಿವಾರ ತಿನ್ನುತ್ತದೆ, 45 ನಿಮಿಷದ ಒಂಬತ್ತು ಪಾಠ. ಇವನ್ನೆಲ್ಲ ಕಚೇರಿಗೆ ಕೊಡುವಾಗಲೇ ಯಾವ ಡ್ರೈವಿಂಗ್ ಸ್ಕೂಲ್ ಅಂತಲೂ ಬರೆಯಬೇಕು. ಆಮೇಲೆ ಕಾಯಬೇಕು, ವಾರಗಟ್ಟಲೆ.

ಈ ಕಾಯುವ ಸಮಯದಲ್ಲಿ ಒಂದು ಎಚ್ಚರಿಕೆ. ಹೊಸದಾಗಿ ಕಲಿಯುವವರಿಗೆ ಥಿಯರಿ ತರಗತಿಗಳು ಕಡ್ಡಾಯ, ಹೈವೇ, ಹಳ್ಳಿ ರಸ್ತೆ, ರಾತ್ರಿ ಎಲ್ಲ ಸೇರಿ ಹನ್ನೆರಡು ವಿಶೇಷ ಡ್ರೈವಿಂಗ್ ಪಾಠವೂ ಕಡ್ಡಾಯ. ಚಾಲ್ತಿಯಲ್ಲಿರುವ ಡಿಎಲ್ ಇಟ್ಟುಕೊಂಡು ಬಂದ ನಮಗೆ ಇವು ಕಡ್ಡಾಯವಲ್ಲ. ನಾನು ಮೊದಲು ಸೇರಿದ ಸ್ಕೂಲು ಅಷ್ಟನ್ನೂ ಬಿಲ್ಲಿಗೆ ಸೇರಿಸಿ ಕೈಗಿಟ್ಟಿತ್ತು. ಕೇಳಿದ್ದಕ್ಕೆ, ಎಲ್ಲರಿಗೂ ಹೀಗೆಯೇ ಅಂದರು. ಬಿಟ್ಟು ಬೇರೆ ಕಡೆ ಸೇರಿದೆ. ಹಾಗಂತ ಪಾಠವೇ ಬೇಡ ಅನ್ನುತ್ತಿಲ್ಲ. ಪರೀಕ್ಷೆಗೆ ಸ್ಕೂಲಿನ ಕಾರು, ಪಕ್ಕದಲ್ಲಿ ಅವರ ಶಿಕ್ಷಕ ಬೇಕೇ ಬೇಕು, ಆತ ನೀವು ತಯಾರು ಅಂದ ಮೇಲೆಯೇ ದಿನ ಸಿಗುವುದು. ಎಂಟು ಹತ್ತು ಪಾಠ ನಿಜಕ್ಕೂ ಬೇಕಾಗುತ್ತದೆ.

ಥಿಯರಿಯಲ್ಲಿ 30 ಪ್ರಶ್ನೆ. ತಪ್ಪಿಗೆ ಎರಡರಿಂದ ಐದು ಅಂಕ, ಒಟ್ಟು ತಪ್ಪು ಹತ್ತು ಅಂಕ ದಾಟಬಾರದು. ಐದಂಕದ ಎರಡು ಪ್ರಶ್ನೆ ತಪ್ಪಾದರೆ, ಲೆಕ್ಕಕ್ಕೆ ಹತ್ತೇ ಆದರೂ ಫೇಲ್. ಇಂಗ್ಲಿಷ್‌ನಲ್ಲಿ ಬರೆಯಬಹುದು, ಕನ್ನಡ ಹಿಂದಿ ಇಲ್ಲ. ಮೊಬೈಲ್ ಆ್ಯಪ್‌ನಲ್ಲಿ ದಿನಾ ಬಸ್ಸಿನಲ್ಲಿ ಕೂತು ಅಭ್ಯಾಸ ಮಾಡಿದರೆ ಒಂದು ತಿಂಗಳು ಸಾಕು. ಪಾಸಾದ ಮೇಲೆ ಹನ್ನೆರಡು ತಿಂಗಳೊಳಗೆ ಪ್ರಾಕ್ಟಿಕಲ್ ಮುಗಿಸಬೇಕು.

ಪ್ರಾಕ್ಟಿಕಲ್ 55 ನಿಮಿಷ. ಪರೀಕ್ಷಕ ಹಿಂದಿನ ಸೀಟಿನಲ್ಲಿ ಕೂರುತ್ತಾನೆ, ಶಿಕ್ಷಕ ಪಕ್ಕದಲ್ಲಿ, ಅವನ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದೆ. ನನ್ನದು ಇಪ್ಪತ್ತನೇ ನಿಮಿಷಕ್ಕೆ ಮುಗಿಯಿತು. 30ರ ವೇಗದ ಬಡಾವಣೆ, ಎರಡೂ ಕಡೆ ನಿಲ್ಲಿಸಿದ ಕಾರು, ನಾನಿದ್ದ ರಸ್ತೆ ಅಗಲ. ಬಲಗಡೆಯಿಂದ ಒಂದು ಸಣ್ಣ ಓಣಿ, ಬೇಲಿ ಗಿಡ ಅಡ್ಡ. ಬೋರ್ಡು ಏನೂ ಇಲ್ಲ. ದೊಡ್ಡ ರಸ್ತೆಯವನು ನಾನು, ಓಣಿಯವನು ನಿಲ್ಲುತ್ತಾನೆ ಬಿಡು ಅಂತ ನನ್ನ ಕಾಲು ತಾನೇ ನಿರ್ಧಾರ ಮಾಡಿಬಿಟ್ಟಿತ್ತು. ಓಣಿಯಿಂದ ಒಬ್ಬ ಅಜ್ಜ ಕೆಂಪು ಕಾರಿನಲ್ಲಿ ಆರಾಮಾಗಿ, ನನ್ನ ಕಡೆ ತಿರುಗಿಯೂ ನೋಡದೆ ಬಂದ. ಪಕ್ಕದಿಂದ ಟಕ್ ಅಂತ ಶಬ್ದ, ಕಾರು ಮುಗ್ಗರಿಸಿ ನಿಂತಿತು. ಬ್ರೇಕ್ ಒತ್ತಿದ್ದು ನಾನಲ್ಲ. ಹಿಂದಿನಿಂದ ಪೆನ್ನಿನ ಮುಚ್ಚಳ ಹಾಕಿದ ಸದ್ದು ಕೇಳಿತು.

ಬೋರ್ಡು ಸಿಗ್ನಲ್ ಇಲ್ಲದ ಕಡೆ ಬಲಗಡೆಯಿಂದ ಬರುವವನಿಗೆ ದಾರಿ, ರಸ್ತೆ ಎಷ್ಟೇ ಅಗಲ ಇರಲಿ. ಇದಕ್ಕೆ ಇಲ್ಲಿ ರೆಖ್ಟ್ಸ್ ಫೋರ್ ಲಿಂಕ್ಸ್ ಅನ್ನುತ್ತಾರೆ. ತಮಾಷೆ ಏನು ಗೊತ್ತಾ? 2017ರಲ್ಲಿ ಹೊಸವು ಬರುವವರೆಗೆ ಇದ್ದ ನಮ್ಮ 1989ರ ರಸ್ತೆ ನಿಯಮಗಳಲ್ಲೂ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು ಅಂತ ಇತ್ತು. ಬೆಂಗಳೂರಿನ ಯಾವ ಕ್ರಾಸಿನಲ್ಲಿ ಅದನ್ನು ನೋಡಿದ್ದೀರಿ? ಮೂತಿ ಮೊದಲು ತೂರಿಸಿದವನದೇ ದಾರಿ.

ಎರಡು ವಾರ ಬಿಟ್ಟು ಮತ್ತೆ ಹೋದೆ, ಪಾಸಾದೆ. ಅಷ್ಟರಲ್ಲಿ ಇನ್ನೂ ಮೂರು ಅಭ್ಯಾಸ ಬಿಡಿಸಿಕೊಂಡಿದ್ದೆ. ಒಂದು, ತಿರುಗುವಾಗ, ಲೇನ್ ಬದಲಿಸುವಾಗ ಕನ್ನಡಿ ಸಾಲದು, ಭುಜದ ಮೇಲಿಂದ ಕತ್ತು ತಿರುಗಿಸಿ ನೋಡಬೇಕು, ಮತ್ತು ನೋಡಿದ್ದು ಹಿಂದೆ ಕೂತವನಿಗೂ ಕಾಣಬೇಕು. ಬಲಕ್ಕೆ ತಿರುಗುವಾಗ ಪಕ್ಕದಲ್ಲೇ ಸೈಕಲ್ ಬರುತ್ತಿರುತ್ತದೆ. ಎರಡು, ಕೆಂಪು ದೀಪದ ಪಕ್ಕ ಹಸಿರು ಬಾಣದ ತಗಡಿನ ಬೋರ್ಡ್ ಇದ್ದರೆ ಬಲಕ್ಕೆ ಹೋಗಬಹುದು, ಆದರೆ ಮೊದಲು ಚಕ್ರ ಪೂರ್ತಿ ನಿಲ್ಲಬೇಕು. ಮೂರು, ಹಾರ್ನ್. ಅದು ಅಪಾಯಕ್ಕೆ ಮಾತ್ರ, "ಬರ್ತಾ ಇದೀನಿ" ಅಂತ ಹೇಳುವುದಕ್ಕಲ್ಲ.

ಆಟೋಮ್ಯಾಟಿಕ್ ಕಾರಿನಲ್ಲಿ ಪರೀಕ್ಷೆ ಕೊಡುವ ಆಸೆ ಇದ್ದರೆ ಸ್ಕೂಲಿನಲ್ಲಿ ಬಿ197 ಬಗ್ಗೆ ಕೇಳಿ. 2021ರಿಂದ ಬಂದ ವ್ಯವಸ್ಥೆ. ಗೇರ್ ಕಾರಿನಲ್ಲಿ ಹತ್ತು ಪಾಠ, ಸ್ಕೂಲಿನಲ್ಲೇ ಒಂದು ಚಿಕ್ಕ ಪರೀಕ್ಷೆ ಮುಗಿಸಿದರೆ, ಆಟೋಮ್ಯಾಟಿಕ್‌ನಲ್ಲಿ ಪಾಸಾದರೂ ಗೇರ್ ಕಾರು ಓಡಿಸಬಹುದು. ಅದಿಲ್ಲದೆ ಪಾಸಾದರೆ ಕಾರ್ಡಿನ ಹಿಂದೆ 78 ಬೀಳುತ್ತದೆ, ಯುರೋಪಿನಲ್ಲೆಲ್ಲೂ ಗೇರ್ ಕಾರು ಮುಟ್ಟುವ ಹಾಗಿಲ್ಲ.

ಹೊಸ ಕಾರ್ಡು ಕೊಡುವಾಗ ನಿಮ್ಮ ಡಿಎಲ್ ತೆಗೆದುಕೊಳ್ಳುತ್ತಾರೆ. ಊರಿಗೆ ಹೋದಾಗ ಡಿಎಲ್ ಕಳೆದುಹೋಯಿತು ಅಂತ ದೂರು ಕೊಟ್ಟು ಡೂಪ್ಲಿಕೇಟ್ ತೆಗೆಯುವ ಉಪಾಯ ಯಾರಾದರೂ ಹೇಳೇ ಹೇಳುತ್ತಾರೆ. ಅದು ಸುಳ್ಳು ದೂರು, ಮಾಡಬೇಡಿ.

ಹಂತ 5: ಕಾರ್ಡನ್ನು ತಿರುಗಿಸಿ ಓದಿ

ಮುಂಭಾಗದಲ್ಲಿ 4ಎ ಅಂದರೆ ಕಾರ್ಡು ಕೊಟ್ಟ ದಿನ, 4ಬಿ ಅವಧಿ ಮುಗಿಯುವ ದಿನ. 9 ಅಂದರೆ ಯಾವ ಯಾವ ವರ್ಗದ ವಾಹನ. ಬಿ ವರ್ಗ ಅಂದರೆ 3.5 ಟನ್‌ವರೆಗಿನ ಕಾರು, ಡ್ರೈವರ್ ಬಿಟ್ಟು ಎಂಟು ಜನ. ಊರಲ್ಲಿ ಬುಲೆಟ್ ಓಡಿಸುತ್ತಿದ್ದವರು ಕ್ಷಮಿಸಬೇಕು, ಬೈಕಿಗೆ ಬೇರೆ ಪರೀಕ್ಷೆ.

ಹಿಂಭಾಗದಲ್ಲಿ 10ನೇ ಕಾಲಂ ಆ ವರ್ಗ ಮೊದಲು ಸಿಕ್ಕ ದಿನ, 11 ಅದರ ಅವಧಿ, 12 ಸಂಕೇತಗಳು. ಓದಬೇಕಾದದ್ದು ಈ 12. 01 ಅಂದರೆ ಕನ್ನಡಕ ಅಥವಾ ಲೆನ್ಸ್ ಇಲ್ಲದೆ ಓಡಿಸುವ ಹಾಗಿಲ್ಲ. ಎರಡಂಕಿಯ ಸಂಕೇತಗಳು ಎಲ್ಲ ದೇಶಕ್ಕೂ ಅನ್ವಯ. 100ರಿಂದ ಮೇಲಿನ ಮೂರಂಕಿಯವು ಕೊಟ್ಟ ದೇಶದೊಳಗೆ ಮಾತ್ರ. ಉದಾಹರಣೆಗೆ ಜರ್ಮನಿಯಲ್ಲಿ ಬಿ196 ಮಾಡಿಸಿದರೆ ಕಾರಿನ ಲೈಸೆನ್ಸ್ ಮೇಲೆಯೇ 125 ಸಿಸಿ ಸ್ಕೂಟರ್ ಓಡಿಸಬಹುದು. ಗಡಿ ದಾಟಿ ಆಸ್ಟ್ರಿಯಾ ಕಡೆ ಒಂದು ಗಜ ಹೋದರೂ ಅದಕ್ಕೆ ಬೆಲೆಯಿಲ್ಲ.

ಈಗ 70. ಬೇರೆ ಲೈಸೆನ್ಸ್ ಕೊಟ್ಟು ಬದಲಾಯಿಸಿಕೊಂಡ ಕಾರ್ಡು ಇದು, ಮೂಲ ಇಂಥ ದೇಶದ್ದು ಅಂತ ಅದು ಹೇಳುತ್ತದೆ. ಒಕ್ಕೂಟದ ಹೊರಗಿನ ದೇಶದ ಲೈಸೆನ್ಸ್ ಬದಲಾಯಿಸಿ ಕೊಟ್ಟರೆ ಅದನ್ನು ಕಾರ್ಡಿನಲ್ಲಿ ಬರೆಯಲೇಬೇಕು ಅಂತ ಆ 2006ರ ನಿರ್ದೇಶನದಲ್ಲೇ ಇದೆ. ಅದೇ ಕಲಮಿನಲ್ಲಿ ಇನ್ನೊಂದು ಸಾಲೂ ಇದೆ: ಇಂಥ ಕಾರ್ಡು ಇರುವವನು ಇನ್ನೊಂದು ದೇಶಕ್ಕೆ ಹೋಗಿ ನೆಲೆಸಿದರೆ, ಆ ದೇಶ ಅದನ್ನು ಒಪ್ಪಲೇಬೇಕು ಅಂತೇನಿಲ್ಲ. ಜರ್ಮನಿ ಈ ಸಾಲನ್ನು ಗಟ್ಟಿಯಾಗಿ ಹಿಡಿದುಕೊಂಡಿದೆ. ತನ್ನ ಪಟ್ಟಿಯಲ್ಲಿಲ್ಲದ ದೇಶದ ಲೈಸೆನ್ಸ್ ಅನ್ನು ಪರೀಕ್ಷೆಯಿಲ್ಲದೆ ಬದಲಾಯಿಸಿಕೊಂಡು ಪಡೆದ ಯುರೋಪಿನ ಕಾರ್ಡು ಇಲ್ಲಿ ನಡೆಯುವುದಿಲ್ಲ ಅಂತ ಅದರ ಕಾನೂನೇ ಹೇಳುತ್ತದೆ. ನನ್ನ ಗೆಳೆಯ ಕೂತಿದ್ದು ಸರಿಯಾಗಿ ಆ ಗುಂಡಿಯ ಮೇಲೆ.

ಡಚ್ ದೇಶದಲ್ಲಿ ಪರೀಕ್ಷೆ ಬರೆದೇ ಲೈಸೆನ್ಸ್ ತೆಗೆದವರಿಗೆ ಈ ಕಷ್ಟ ಇಲ್ಲ. ಹಾಗಾಗಿ ಎರಡು ಮೂರು ವರ್ಷದಲ್ಲಿ ದೇಶ ಬದಲಿಸುವ ಅಂದಾಜಿದ್ದರೆ, ಪುಕ್ಕಟೆ ದಾರಿ ಬಿಟ್ಟು ಪರೀಕ್ಷೆಯ ದಾರಿ ಹಿಡಿಯಿರಿ ಅನ್ನುತ್ತೇನೆ. ದುಡ್ಡು ಹೋಗುತ್ತದೆ, ನಿಜ.

ಹಂತ 6: ಗಡಿ ದಾಟುವಾಗ, ಮನೆ ಬದಲಿಸುವಾಗ

ಆರು ತಿಂಗಳ ಅವಧಿಯಲ್ಲಿ ಭಾರತದ ಡಿಎಲ್ ಮೇಲೆ ಪಕ್ಕದ ದೇಶಕ್ಕೆ ಟ್ರಿಪ್ ಹೋಗುವುದಿದ್ದರೆ, ಅಲ್ಲಿ ನೀವು ಪ್ರವಾಸಿ, ಆ ದೇಶದ ಪ್ರವಾಸಿ ನಿಯಮ ನೋಡಿ. ಡಿಎಲ್, ಇಂಟರ್‌ನ್ಯಾಷನಲ್ ಪರ್ಮಿಟ್ ಎರಡೂ ಕೈಯಲ್ಲಿರಲಿ. ಬಾಡಿಗೆ ಕಾರಾದರೆ ಗಡಿ ದಾಟಿಸಲು ಕಂಪನಿಯ ಒಪ್ಪಿಗೆ ಇದೆಯಾ ಅಂತ ಒಪ್ಪಂದದಲ್ಲಿ ಓದಿಕೊಳ್ಳಿ.

ಲೈಸೆನ್ಸ್ ಒಂದೇ ಆದರೂ ರಸ್ತೆ ನಿಯಮ ಒಂದೇ ಅಲ್ಲ. ಜರ್ಮನಿಯಲ್ಲಿ ಮಾಮೂಲಿ ಚಾಲಕನಿಗೆ ರಕ್ತದಲ್ಲಿ ಮದ್ಯದ ಮಿತಿ ಸಾವಿರಕ್ಕೆ 0.5 ಭಾಗ, ಪೋಲೆಂಡ್‌ನಲ್ಲಿ 0.2, ಚೆಕ್ ದೇಶದಲ್ಲಿ ಸೊನ್ನೆ. ಡ್ರೆಸ್ಡನ್‌ನಲ್ಲಿ ಊಟಕ್ಕೆ ಒಂದು ಬಿಯರ್ ಕುಡಿದು ಪ್ರಾಗ್ ಕಡೆ ಹೊರಟರೆ, ಗಡಿಯ ಈಚೆ ತಪ್ಪಲ್ಲದ್ದು ಆಚೆ ತಪ್ಪಾಗಬಹುದು. ಪೆನಾಲ್ಟಿ ಪಾಯಿಂಟುಗಳು ಒಂದು ದೇಶದಿಂದ ಇನ್ನೊಂದಕ್ಕೆ ಬರುವುದಿಲ್ಲ, ಆದರೆ ಸ್ಪೀಡ್ ಕ್ಯಾಮೆರಾದ ದಂಡದ ಚೀಟಿ ಮನೆ ಹುಡುಕಿಕೊಂಡು ಬರುತ್ತದೆ.

ಪರೀಕ್ಷೆ ಬರೆದು ಪಡೆದ ಯುರೋಪಿನ ಕಾರ್ಡು ಇದ್ದವರು ಇನ್ನೊಂದು ದೇಶಕ್ಕೆ ಮನೆ ಬದಲಿಸಿದರೆ ತಕ್ಷಣ ಏನೂ ಮಾಡಬೇಕಿಲ್ಲ, ಅವಧಿ ಇರುವವರೆಗೆ ಸಾಮಾನ್ಯವಾಗಿ ಅದೇ ನಡೆಯುತ್ತದೆ. ಅವಧಿ ಮುಗಿದರೆ, ಕಾರ್ಡು ಕಳೆದುಹೋದರೆ ಮಾತ್ರ, ಈಗ ವಾಸವಿರುವ ದೇಶದ ಕಚೇರಿಗೇ ಹೋಗಬೇಕು. ಹಳೆಯ ದೇಶಕ್ಕೆ ಫೋನ್ ಮಾಡಿ ಇನ್ನೊಂದು ಕಾರ್ಡು ಕಳಿಸಿ ಅಂದರೆ ಕಳಿಸುವುದಿಲ್ಲ. 2025ರ ಅಕ್ಟೋಬರ್‌ನಲ್ಲಿ ಹೊಸ ನಿರ್ದೇಶನಕ್ಕೆ ಒಪ್ಪಿಗೆ ಸಿಕ್ಕಿದೆ, ಮೊಬೈಲ್‌ನಲ್ಲೇ ಲೈಸೆನ್ಸ್ ಬರಲಿದೆ. ದೇಶಗಳು ತಮ್ಮ ಕಾನೂನು ತಿದ್ದಿಕೊಳ್ಳಲು ಇನ್ನೂ ವರ್ಷಗಳಿವೆ, ಅಲ್ಲಿಯವರೆಗೆ ಪ್ಲಾಸ್ಟಿಕ್ ಕಾರ್ಡೇ ಗತಿ.

ಗೆಳೆಯನ ಕಾರು ಈಗ ಅವನ ಮನೆ ಕೆಳಗೆ ನಿಂತಿದೆ, ಮೇಲೆ ಎಲೆ ಬಿದ್ದಿದೆ. ಅವನು ಟ್ರಾಮ್‌ನಲ್ಲಿ ಆಫೀಸಿಗೆ ಹೋಗುತ್ತಾ ಥಿಯರಿ ಆ್ಯಪ್ ಒತ್ತುತ್ತಿರುತ್ತಾನೆ. ನಿನ್ನೆ ಮೆಸೇಜ್ ಮಾಡಿದ್ದ: "ಬೋರ್ಡು ಇಲ್ಲದ ಕ್ರಾಸಲ್ಲಿ ಬಲಗಡೆಯಿಂದ ಟ್ರ್ಯಾಕ್ಟರ್ ಬಂದರೂ ನಾನೇ ನಿಲ್ಲಬೇಕಾ?" ಹೌದು ಮಾರಾಯ, ನೀನೇ ನಿಲ್ಲಬೇಕು.